ಮಾರಿಸ್ ಮೈನರ್ ಹೈವೇಯಲ್ಲಿ ನಿಲ್ಲುತ್ತಿದ್ದುದಕ್ಕೆ ಕಾರಣ ಪೆಟ್ರೋಲ್ ಮುಚ್ಚಳ

ತುಮಕೂರಿನೊಳಗೆ ಎಷ್ಟು ಓಡಾಡಿದರೂ ತಕರಾರಿಲ್ಲದ ನಮ್ಮ 1957ರ ಮಾರಿಸ್ ಮೈನರ್ ಕಾರು, ಹೈವೇ ಹತ್ತಿ ಕಳ್ಳಂಬೆಳ್ಳ ದಾಟಿತೆಂದರೆ ಮುಗ್ಗರಿಸಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಶಿರಾ ದಾಟಿದ ಮೇಲೆ ಅದೇ ಕತೆ. ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್, ಕಂಡೆನ್ಸರ್ ಬದಲಾಯಿಸಿದ್ದಾಯ್ತು, ಪೆಟ್ರೋಲಿಗೆ ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ತೊಳೆದದ್ದೂ ಆಯ್ತು.

ಸುಳಿವು ಕೊಟ್ಟಿದ್ದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ಸದ್ದು. ಈ ಕಾರಿನ ಟ್ಯಾಂಕ್ ಹಿಂದೆ ಡಿಕ್ಕಿಯ ಕೆಳಗಿದೆ, ಎಲೆಕ್ಟ್ರಿಕ್ ಪಂಪ್ ಮುಂದೆ ಬಾನೆಟ್ ಒಳಗೆ. ಕೀ ತಿರುಗಿಸಿದರೆ ಟಕಟಕ ಎನ್ನುತ್ತದೆ, ಕಾರ್ಬುರೇಟರ್ ತುಂಬಿದ ಮೇಲೆ ಸುಮ್ಮನಾಗುತ್ತದೆ. ಗಾಡಿ ನಿಂತಾಗ ಕಾರ್ಬುರೇಟರ್ ಖಾಲಿ, ಆದರೂ ಪಂಪ್ ಗಪ್‌ಚುಪ್. ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ. "ಸಾರ್, ಪೆಟ್ರೋಲ್ ಮುಚ್ಚಳ ಬಿಚ್ಚಿ ನೋಡಿ" ಅಂದರು. ಬಿಚ್ಚಿದ್ದೇ ತಡ, ಉಸ್ಸೆಂದು ಗಾಳಿ ಒಳಗೆ ನುಗ್ಗಿತು, ಮುಂದೆ ಪಂಪ್ ಟಕಟಕ ಶುರುಮಾಡಿತು!

ಪೆಟ್ರೋಲ್ ಖರ್ಚಾದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ನಮ್ಮದರಲ್ಲಿ ಧೂಳು, ತುಕ್ಕು ಸೇರಿ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ದೂರ ಓಡಿದಾಗ ಟ್ಯಾಂಕಿನಲ್ಲಿ ನಿರ್ವಾತ ಹೆಚ್ಚಿ ಪಂಪಿಗೆ ಎಳೆಯಲಾಗುತ್ತಿರಲಿಲ್ಲ. ಮುಚ್ಚಳವನ್ನು ಸೀಮೆಎಣ್ಣೆಯಲ್ಲಿ ರಾತ್ರಿಯೆಲ್ಲ ನೆನೆಸಿ, ತೆಳು ತಂತಿ ಆಡಿಸಿ, ಪಂಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದೆ.

ಆಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸಪೇಟೆಗೆ ಹೋಗಿ ಬಂದೆ. ಅವರ ಹರೆಯದ ಕಾರು ಹಿರಿಯೂರಿನ ಬಿಸಿಲಲ್ಲೂ ಒಮ್ಮೆಯೂ ಕೆಮ್ಮಲಿಲ್ಲ.

ಹಳೇ ಕಾರಿಗೆ ಹೊಸ ಮುಚ್ಚಳ ಕೊಳ್ಳುವವರು ಗಾಳಿತೂತು ಇರುವುದನ್ನೇ ಕೇಳಿ ತನ್ನಿ.