ಮುಂದಿನ ವಾರ ನೀನು ಬಾಗಿಲು ತೆಗಿ

ನಮ್ಮ ಸಭೆಯ, ಅಂದರೆ ಚರ್ಚಿನ, ಬೀಗದ ಕೈ ನನ್ನ ಜೇಬಿಗೆ ಬಂದು 12 ವರ್ಷ ಆಯ್ತು. ನಾನು ಪ್ರಸಂಗ ಮಾಡುವವನಲ್ಲ, ಹಾಡುವವನೂ ಅಲ್ಲ. ಭಾನುವಾರ ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆಯುತ್ತೇನೆ, ಎಲ್ಲರೂ ಹೋದ ಮೇಲೆ ಹಾಕುತ್ತೇನೆ. ನಡುವೆ ಕುರ್ಚಿ, ಮೈಕು, ಪೊರಕೆ.

ದೇವರ ಕರೆ ಅಂದರೆ ಸತ್ಯವೇದದ (ಬೈಬಲಿನ) ಬಾಲಕ ಸಮುವೇಲನಿಗೆ ಆದ ಹಾಗೆ ರಾತ್ರಿ ಹೆಸರು ಹಿಡಿದು ಕೂಗುವುದು ಅಂದುಕೊಂಡಿದ್ದೆ. ನನಗೆ ಅಂಥದ್ದೇನೂ ಆಗಲಿಲ್ಲ. ಈ ಕೆಲಸ ಮಾಡುತ್ತಿದ್ದ ಹಿರಿಯರಿಗೆ ಮಂಡಿನೋವು ಜಾಸ್ತಿಯಾಯಿತು. "ಮುಂದಿನ ವಾರ ನೀನು ಬಾಗಿಲು ತೆಗಿ" ಅಂದರು. ಆ ಮುಂದಿನ ವಾರ ಇನ್ನೂ ಮುಗಿದಿಲ್ಲ.

ಎಷ್ಟೋ ದಿನ ಆದ ಮೇಲೆ ಸಮುವೇಲನ ಅದೇ ಅಧ್ಯಾಯ ಮತ್ತೆ ಓದಿದೆ. ಅಲ್ಲಿ ಒಂದು ಸಾಲು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ರಾತ್ರಿ ದೇವರ ಮಾತು ಕೇಳಿದ ಆ ಹುಡುಗ ಬೆಳಿಗ್ಗೆ ಎದ್ದು ಏನು ಮಾಡಿದ ಗೊತ್ತಾ? ದೇವಾಲಯದ ಬಾಗಿಲು ತೆಗೆದ. ದಿನಾ ಮಾಡುವ ಕೆಲಸ. ಓದಿ ಒಬ್ಬನೇ ನಕ್ಕುಬಿಟ್ಟೆ.

ಮೊದಲ ಎರಡು ವರ್ಷ ಹುರುಪಿನಲ್ಲೇ ಕಳೆಯಿತು. ಮೂರನೆಯ ವರ್ಷ ಒಂದು ವಿಶೇಷ ಆರಾಧನೆ ಇತ್ತು. ಕೊನೆಯಲ್ಲಿ ವಂದನೆ ಹೇಳುವಾಗ ಹಾಡಿದವರ, ಓದಿದವರ, ಹೂ ಜೋಡಿಸಿದವರ ಹೆಸರೆಲ್ಲ ಬಂತು. ನನ್ನದು ಬರಲಿಲ್ಲ. ಯಾರೂ ಬೇಕಂತ ಮಾಡಿದ್ದಲ್ಲ, ಮರೆತಿದ್ದರು ಅಷ್ಟೇ. ಆದರೂ ಒಳಗೆ ಚುಚ್ಚಿತು. ಮುಂದಿನ ಭಾನುವಾರ ಬೇಕಂತಲೇ ತಡವಾಗಿ ಹೊರಟೆ. ನಾನಿಲ್ಲದಿದ್ದರೆ ಏನಾಗುತ್ತೆ ಅಂತ ಗೊತ್ತಾಗಲಿ ಅನ್ನುವ ಸಣ್ಣಬುದ್ಧಿ.

ಮಳೆ ಬರುತ್ತಿತ್ತು. ಹೋಗಿ ನೋಡಿದರೆ ಬಾಗಿಲ ಮುಂದೆ ಒಬ್ಬರು ಅಜ್ಜಿ ನಿಂತಿದ್ದರು. ಸತ್ಯವೇದ ನೆನೆಯಬಾರದು ಅಂತ ಸೆರಗಿನೊಳಗೆ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಅವರು ಮಾತ್ರ ಪೂರ್ತಿ ನೆನೆದಿದ್ದರು. "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು ಮಗಾ" ಅಂದರು. ಕೈ ನಡುಗಿ ಬೀಗದ ಕೈ ಎರಡು ಸಲ ಜಾರಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ವಾರ ಸತ್ಯವೇದದ ಅರಣ್ಯಕಾಂಡದ 16ನೇ ಅಧ್ಯಾಯ ತೆಗೆದೆ. ಕೋರಹನ ಕಥೆ ಅಲ್ಲಿದೆ. ಅವನು ದೇವರ ಗುಡಾರದ ಸೇವೆಗೆ ಮೀಸಲಾದ ಲೇವಿಯರ ಕುಲದಲ್ಲಿ ಕೆಹಾತನ ವಂಶದವನು. ದೇವರ ಆಜ್ಞೆಗಳಿದ್ದ ಪವಿತ್ರ ಪೆಟ್ಟಿಗೆಯಾದ ಮಂಜೂಷವನ್ನು ಹೆಗಲ ಮೇಲೆ ಹೊರುವ ಕೆಲಸ ಆ ವಂಶದ್ದು. ಉಳಿದ ಲೇವಿಯರಿಗೆ ಗಾಡಿ ಕೊಟ್ಟರು, ಇವರಿಗೆ ಕೊಡಲಿಲ್ಲ. ಹೊರಬೇಕಾದ್ದು ಅಷ್ಟು ಪವಿತ್ರ. ಆದರೂ ಕೋರಹನಿಗೆ ಅದು ಸಾಲಲಿಲ್ಲ, ಯಾಜಕನ ಕೆಲಸವೇ ಬೇಕಿತ್ತು. 250 ಮಂದಿ ಮುಖಂಡರೂ ಜೊತೆಗೂಡಿದರು. ದೇವರು ತನ್ನ ಸೇವೆಗೆ ನಿಮ್ಮನ್ನು ಹತ್ತಿರ ಕರೆದದ್ದು ನಿಮಗೆ ಅಲ್ಪವೋ ಅಂತ ಜನರ ನಾಯಕ ಮೋಶೆ ಕೇಳುತ್ತಾನೆ. ಆ ಪ್ರಶ್ನೆ ನನ್ನ ಮುಖಕ್ಕೇ ಬಡಿದ ಹಾಗಿತ್ತು.

ಈ ದುಷ್ಟರ ಗುಡಾರಗಳಿಂದ ದೂರ ಸರಿಯಿರಿ ಅಂತ ಮೋಶೆ ಜನರಿಗೆ ಹೇಳಿದ. ಕೋರಹ ನಾಶವಾದ. ಅವನ ಮಕ್ಕಳು ಸಾಯಲಿಲ್ಲ ಅಂತ 26ನೇ ಅಧ್ಯಾಯದಲ್ಲಿ ಒಂದೇ ಸಾಲಿದೆ. ತಲೆಮಾರುಗಳ ನಂತರ ಅದೇ ವಂಶದವರು ಏನಾಗಿದ್ದರು ಅಂತೀರಿ? ದೇವಾಲಯದ ದ್ವಾರಪಾಲಕರು. ಮೊದಲನೆಯ ಪೂರ್ವಕಾಲವೃತ್ತಾಂತದ 9ನೇ ಅಧ್ಯಾಯ ದ್ವಾರಪಾಲಕರು 212 ಮಂದಿ ಅಂತ ಲೆಕ್ಕ ಕೊಡುತ್ತದೆ. ದಿನಾ ಬೆಳಿಗ್ಗೆ ಬಾಗಿಲು ತೆಗೆಯುವುದು ಅವರ ಪಾಲಿನ ಕೆಲಸ ಅಂತಲೂ ಹೇಳುತ್ತದೆ. 84ನೇ ಕೀರ್ತನೆಯ ತಲೆಬರಹದಲ್ಲಿರುವುದೂ ಕೋರಹನ ಮಕ್ಕಳೇ. ದುಷ್ಟರ ಗುಡಾರದಲ್ಲಿ ವಾಸ ಮಾಡುವುದಕ್ಕಿಂತ ದೇವರ ಮನೆಯ ಹೊಸ್ತಿಲೇ ಮೇಲು ಅನ್ನುತ್ತದೆ ಆ ಕೀರ್ತನೆ. ಗುಡಾರ ಅನ್ನುವಾಗ ಅವರಿಗೆ ತಮ್ಮ ಮೂಲಪುರುಷನ ಗುಡಾರ ನೆನಪಾಗದೆ ಇರುತ್ತಾ? ಇದು ನನ್ನ ಊಹೆ ಅಷ್ಟೇ.

ಆಮೇಲೆ ಕೆಲಸ ಮಾಡುವ ರೀತಿಯೇ ಬದಲಾಯಿತು. ಈಗ ಒಂದು ಗಂಟೆ ಮುಂಚೆ ಹೋಗುತ್ತೇನೆ. ಕಿಟಕಿ ತೆಗೆದು, ಮೈಕಿನ ಬ್ಯಾಟರಿ ನೋಡಿ, ಕುರ್ಚಿ ಒರೆಸುತ್ತಾ ಹೋಗುತ್ತೇನೆ. ಒಂದೊಂದು ಕುರ್ಚಿಗೂ ಅಲ್ಲಿ ಕೂರುವವರ ಹೆಸರು ಹೇಳಿ ಪ್ರಾರ್ಥಿಸುತ್ತೇನೆ. ಬಾಯಿ ತಾನೇ ಹೇಳಿಕೊಂಡು ಹೋಗಿ ಮನಸ್ಸು ಎಲ್ಲೋ ಇರುವ ದಿನಗಳೂ ಉಂಟು, ಸುಳ್ಳು ಯಾಕೆ ಹೇಳಲಿ. ಯಾರ ಕುರ್ಚಿ ಎರಡು ವಾರ ಖಾಲಿ ಇತ್ತೋ ಅವರಿಗೆ ಫೋನ್ ಮಾಡುತ್ತೇನೆ. ಹಾಗೆ ಮಾಡಿದ್ದಕ್ಕೇ ಕಾಯಿಲೆ ಬಿದ್ದವರು, ಮನಸ್ತಾಪದಿಂದ ದೂರವಾದವರು ಎಷ್ಟೋ ಮಂದಿ ಸಿಕ್ಕರು. ನಡುವೆ ಸಮಿತಿಗೆ ಬನ್ನಿ ಅಂದರು. ಒಂದು ವಾರ ಯೋಚಿಸಿ, ಬೇಡ ಅಂದೆ.

ಬಿಟ್ಟುಕೊಡುವುದು ಮಾತ್ರ ನನಗಿನ್ನೂ ಸರಿಯಾಗಿ ಬಂದಿಲ್ಲ. ಈ ವರ್ಷ ಒಂದು ಹುಡುಗಿಗೆ ಕೆಲಸ ಕಲಿಸಿ, ಇನ್ನೊಂದು ಕೀ ಮಾಡಿಸಿ ಕೊಟ್ಟೆ. ತಿಂಗಳಿಗೊಂದು ಭಾನುವಾರ ಅವಳದು. ಮೊದಲ ಸಲ ನಾನು ಹೋದಾಗ ಬಾಗಿಲು ಆಗಲೇ ತೆರೆದಿತ್ತು. ಕೈ ಎಲ್ಲಿಡಬೇಕೋ ತಿಳಿಯದೆ ಹೊಸ್ತಿಲಲ್ಲೇ ನಿಂತೆ. "ಅಂಕಲ್, ಒಳಗೆ ಬನ್ನಿ, ಕೂತ್ಕೊಳ್ಳಿ" ಅಂದಳು. ಕೂತೆ. ಮೂರನೆಯ ಸಾಲು ಸ್ವಲ್ಪ ಸೊಟ್ಟಗಿತ್ತು. ಅವಳು ಆ ಕಡೆ ತಿರುಗಿದಾಗ ಎರಡು ಕುರ್ಚಿ ಸರಿ ಮಾಡಿದೆ.