ಮಿದುಳಲ್ಲಿ ಕೇಯಾಸ್ ಇರಬಹುದು ಅಂತಾರಲ್ಲ, ಅದನ್ನ ಮೊಬೈಲ್ ಕ್ಯಾಲ್ಕುಲೇಟರ್ ಹಿಡ್ಕೊಂಡು ಅರ್ಥ ಮಾಡ್ಕೊಳ್ಳೋದು ಹೇಗೆ

ಕೇಯಾಸ್ ಅಂದ ತಕ್ಷಣ ಗಲಾಟೆ, ಗೊಂದಲ ಅನ್ಕೋಬೇಡಿ. ಪಿಯುಸಿ ಓದೋ ನನ್ನ ಅಣ್ಣನ ಮಗಳೂ ಹಾಗೇ ಅನ್ಕೊಂಡಿದ್ಲು, ಹೋದ ಮಳೆಗಾಲ ಸೋಮವಾರಪೇಟೆ ಮನೇಲಿ ಕರೆಂಟ್ ಹೋಗಿ ಕೂತಿದ್ದಾಗ ಅವಳಿಗೆ ಹೇಳ್ಕೊಟ್ಟಿದ್ದನ್ನೇ ಇಲ್ಲಿ ಬರೀತಿದೀನಿ.

ಪೇಪರಲ್ಲಿ ಎರಡು ಕಾಲಂ ಮಾಡಿ, ಒಂದರ ಮೇಲೆ 0.3 ಬರೀರಿ, ಇನ್ನೊಂದರ ಮೇಲೆ 0.301. ಇರೋ ಸಂಖ್ಯೆನ 1ರಲ್ಲಿ ಕಳೀರಿ, ಉಳಿದಿದ್ದನ್ನ ಅದೇ ಸಂಖ್ಯೆಯಿಂದ ಗುಣಿಸಿ, ಆಮೇಲೆ 4ರಿಂದ ಗುಣಿಸಿ, ಬಂದ ಉತ್ತರಾನ ಮತ್ತೆ ಅದೇ ಲೆಕ್ಕಕ್ಕೆ ಹಾಕ್ತಾ ಹೋಗಿ. ಮೊದಲ ಸಾಲಲ್ಲಿ 0.840, 0.842. ನಾಲ್ಕನೇ ಸಾಲಲ್ಲೂ 0.022, 0.018, ಇನ್ನೂ ಅಕ್ಕಪಕ್ಕಾನೇ. ಎಂಟನೇದಕ್ಕೆ 0.45 ಒಂದು ಕಡೆ, 0.72 ಇನ್ನೊಂದು ಕಡೆ, ಹತ್ತನೇದಕ್ಕೆ ಬಂದ್ರೆ 0.04 ಮತ್ತು 0.62! ನಿಯಮ ಒಂದೇ, ಲಾಟರಿ ಏನೂ ಇಲ್ಲ, ಆದ್ರೂ ದಾರಿ ಬೇರೆ ಆಯ್ತು. ಇದೇ ಕೇಯಾಸ್. ದಶಮಾಂಶ ಕತ್ತರಿಸಬೇಡಿ ಮಾತ್ರ, ಕ್ಯಾಲ್ಕುಲೇಟರ್ ತೋರ್ಸಿದಷ್ಟನ್ನೂ ಮುಂದಿನ ಲೆಕ್ಕಕ್ಕೆ ತಗೊಳ್ಳಿ, 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಝ್ 0.506127 ಬದಲು 0.506 ಅಂತ ಟೈಪ್ ಮಾಡಿದ್ದಕ್ಕೇ ಅವರ ಕಂಪ್ಯೂಟರಿನ ಹವಾಮಾನ ಪೂರ್ತಿ ಬೇರೆಯಾಗಿ ಬಂತು.

ಈಗ ಮಿದುಳಿಗೆ ಬನ್ನಿ. ಹೂ ಮಳೆ (ಕಾಫಿ ಹೂ ಅರಳಿಸೋ ಮಳೆ) ಬಿದ್ದು ಎಂಟ್ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತಲ್ಲ, ಆಗ ಕಾಫಿ ಗಿಡದ ಹತ್ರ ನಿಂತು ಮೂಗಲ್ಲಿ ಒಂದು ಸಲ ಉಸಿರು ಎಳ್ಕೊಳ್ಳಿ, ಮಲ್ಲಿಗೆ ಥರ ಘಮ್ಮಂತ ಬರುತ್ತೆ. ಹೀಗೆ ಉಸಿರು ಎಳ್ಕೊಂಡಾಗ ಏನಾಗುತ್ತೆ ಅಂತಾನೇ ಅಮೆರಿಕದ ಬರ್ಕ್ಲಿಯ ಮಿದುಳು ವಿಜ್ಞಾನಿ ವಾಲ್ಟರ್ ಫ್ರೀಮನ್ ಮೊಲಗಳಲ್ಲಿ ನೋಡಿದ್ರು, ಮಿದುಳಲ್ಲಿ ವಾಸನೆ ಗುರುತಿಸೋ ಭಾಗದ ಮೇಲೆ ವಿದ್ಯುತ್ ಅಲೆ ಹಿಡಿಯೋ 64 ಎಲೆಕ್ಟ್ರೋಡ್ ಇಟ್ಟು. ಉಸಿರು ಒಳಗೆ ಹೋದಾಗ ಆ ಭಾಗ ಪೂರ್ತಿ ಒಟ್ಟಿಗೆ ಅಲೆ ಎಬ್ಬಿಸ್ತಿತ್ತು, ಯಾವ ವಾಸನೆ ಅನ್ನೋದು ಅಲೆ ಎಲ್ಲಿ ಜೋರು ಎಲ್ಲಿ ಮೆಲ್ಲಗೆ ಅನ್ನೋ ನಕ್ಷೆಯಲ್ಲಿತ್ತು. ನನಗೆ ಬಹಳ ಇಷ್ಟವಾಗಿದ್ದು ಇದು: ಮೊಲ ಹೊಸ ವಾಸನೆ ಕಲಿತ್ರೆ ಹಳೇ ವಾಸನೆಗಳ ನಕ್ಷೆನೂ ಬದಲಾಗ್ತಿತ್ತು. ಹಿನ್ನೆಲೆಯಲ್ಲಿ ಇಂಥ ಕೇಯಾಸ್ ಓಡ್ತಾ ಇರೋದ್ರಿಂದಲೇ ಮಿದುಳು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಥಟ್ಟಂತ ಜಿಗಿಯುತ್ತೆ, ಗೊತ್ತಿಲ್ಲದ ವಾಸನೆಗೂ ಜಾಗ ಮಾಡ್ಕೊಳ್ಳುತ್ತೆ ಅಂತ 1987ರಲ್ಲಿ ಅವರು ಕ್ರಿಸ್ಟೀನ್ ಸ್ಕಾರ್ಡಾ ಜೊತೆ ಬರೆದ್ರು. ಫಿಟ್ಸ್ ಬಂದಾಗ ಎಷ್ಟೋ ಸಲ ನರಕೋಶಗಳು ಅತಿಯಾಗಿ ಒಂದೇ ತಾಳಕ್ಕೆ ಬೀಳ್ತಾವೆ, ಅಂದ್ರೆ ಮಿದುಳಲ್ಲಿ ಶಿಸ್ತು ಜಾಸ್ತಿಯಾದ್ರೂ ಕಷ್ಟಾನೇ.

ಆದ್ರೆ ಮಿದುಳಲ್ಲಿ ಕೇಯಾಸ್ ಇರೋದು ಸಾಬೀತಾಗಿದೆ ಅಂತ ಮಕ್ಕಳಿಗೆ ದಯವಿಟ್ಟು ಹೇಳ್ಬೇಡಿ. ಯಾಕೆ ಅಂತ ತೋರ್ಸೋಕೆ ಒಂದು ನಾಣ್ಯ ಸಾಕು. ಹತ್ತು ಸಲ ಚಿಮ್ಮಿ ಬರ್ಕೊಳ್ಳಿ, ಪಕ್ಕದಲ್ಲಿ 0.3ರ ಪಟ್ಟಿ ಇಡಿ, ನೋಡೋಕೆ ಎರಡೂ ಅಡ್ಡಾದಿಡ್ಡಿ. ಮತ್ತೆ 0.3ರಿಂದ ಶುರು ಮಾಡಿದ್ರೆ ಅದೇ ಪಟ್ಟಿ ಚಾಚೂ ತಪ್ಪದೆ ಬರುತ್ತೆ, ನಾಣ್ಯದ್ದು ಹಾಗಲ್ಲ. ಬದುಕಿರೋ ಮಿದುಳನ್ನ ಮೊದಲಿದ್ದ ಜಾಗಕ್ಕೇ ತಂದು ನಿಲ್ಸಿ ಮತ್ತೆ ಓಡಿಸೋಕಾಗಲ್ಲ, ಅದಕ್ಕೇ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ಕಾಣೋದು ಕೇಯಾಸಾ, ನಾಣ್ಯದ ಥರ ಬರೀ ನಾಯ್ಸಾ ಅಂತ ಬಿಡಿಸಿ ಹೇಳೋದು ಅಷ್ಟು ಕಷ್ಟ.

ಟೈಮ್ ಇದ್ರೆ 0.301 ಬಿಟ್ಟು 0.3001 ಹಾಕಿ ನೋಡಿ. ಹತ್ತು ಪಟ್ಟು ಹತ್ತಿರ ಇಟ್ರೂ ಎರಡೂ ಅಕ್ಕಪಕ್ಕ ಇರೋದು ಮೂರ್ನಾಲ್ಕು ಸಾಲು ಜಾಸ್ತಿ ಅಷ್ಟೇ.