ಎರಡು ಪ್ಯಾನೆಲ್ ಮನೆಯಲ್ಲಿ ಎಕ್ಸ್-10: ಮೊದಲು ಡ್ರೈಯರ್ ಹಾಕಿ ನೋಡಿ

ಅಮೆರಿಕದಲ್ಲಿ ಎರಡು ಪ್ಯಾನೆಲ್ (ಬ್ರೇಕರ್ ಪೆಟ್ಟಿಗೆ) ಇರುವ ಹಳೆಯ ಮನೆ ಕೊಂಡಿದ್ದೀರಿ. ಗೋಡೆಯಲ್ಲಿ ಎಕ್ಸ್-10 ಸ್ವಿಚ್‌ಗಳಿವೆ, ಅಂದರೆ ದೂರದಿಂದಲೇ ದೀಪ ಹತ್ತಿಸಿ ಆರಿಸುವ ಪದ್ಧತಿಯ ಸ್ವಿಚ್‌ಗಳು. ಅಡುಗೆಮನೆಯಲ್ಲಿ ಗುಂಡಿ ಒತ್ತಿದರೆ ಹಾಲ್‌ನ ದೀಪ ಹತ್ತುತ್ತದೆ, ಗ್ಯಾರೇಜಿನದು ಹತ್ತುವುದಿಲ್ಲ. ಸ್ವಿಚ್ ಕೆಟ್ಟಿದೆ ಅಂತ ಹೊಸದು ತರಲು ಹೊರಡಬೇಡಿ. ಬಹುಶಃ ಅದರ ತಪ್ಪೇನೂ ಇಲ್ಲ.

1975ರಲ್ಲಿ ಸ್ಕಾಟ್ಲೆಂಡಿನ ಪೈಕೋ ಎಲೆಕ್ಟ್ರಾನಿಕ್ಸ್ ರೂಪಿಸಿದ ಈ ಪದ್ಧತಿಗೆ ಬೇರೆ ವೈರ್ ಬೇಡ. ಮನೆಯ ಕರೆಂಟ್ ತಂತಿಯಲ್ಲೇ 120 ಕಿಲೋಹರ್ಟ್ಸ್‌ನ ಸಣ್ಣ ಸಂಕೇತ ಓಡುತ್ತದೆ. ಆದರೆ ಅಲ್ಲಿನ ಮನೆಗಳಿಗೆ ಎರಡು ಲೈವ್ ತಂತಿ ಬರುತ್ತವೆ. ಒಂದೊಂದರಲ್ಲೂ 120 ವೋಲ್ಟ್, ಎರಡರ ನಡುವೆ 240. ಅರ್ಧ ಮನೆ ಒಂದರ ಮೇಲೆ, ಇನ್ನರ್ಧ ಮತ್ತೊಂದರ ಮೇಲೆ. ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಲು ಸಂಕೇತ ಬೀದಿಯ ಟ್ರಾನ್ಸ್‌ಫಾರ್ಮರ್‌ವರೆಗೆ ಹೋಗಿ ಬರಬೇಕು. ಪಕ್ಕದ ಕೋಣೆಗೆ ಊರೆಲ್ಲ ಸುತ್ತಿ ಬಂದ ಹಾಗೆ! ಬರುವಷ್ಟರಲ್ಲಿ ಸೊರಗಿರುತ್ತದೆ. ಎರಡನೇ ಪ್ಯಾನೆಲ್ ಇದ್ದರೆ ದಾರಿ ಇನ್ನೂ ಉದ್ದ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಬಟ್ಟೆ ಒಣಗಿಸುವ ಡ್ರೈಯರನ್ನು ಬಿಸಿ ಗಾಳಿಗೆ ಇಟ್ಟು ಓಡಿಸಿ. ಅದು ಕರೆಂಟಿನಿಂದ ಬಿಸಿಯಾಗುವ ಡ್ರೈಯರ್ ಆಗಿರಬೇಕು, ಗ್ಯಾಸಿನದು ಆಗದು. ಅದರ ಹೀಟರ್ ಎರಡೂ ಲೈವ್ ತಂತಿಗಳ ನಡುವೆ ಇರುವುದರಿಂದ ಅಷ್ಟು ಹೊತ್ತು ಸೇತುವೆಯಂತೆ ಕೆಲಸ ಮಾಡುತ್ತದೆ. ಈಗ ಗ್ಯಾರೇಜಿನ ದೀಪ ಹತ್ತಿತಾ? ಕಾಯಿಲೆ ಗೊತ್ತಾಯಿತು. ದೀಪಕ್ಕಾಗಿ ದಿನವಿಡೀ ಡ್ರೈಯರ್ ಓಡಿಸಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಕಪ್ಲರ್ ಇರುವುದು, ಎರಡು ಲೈವ್ ತಂತಿಗಳ ನಡುವೆ ಸಂಕೇತಕ್ಕೆ ಕಾಯಂ ಸೇತುವೆಯಾಗುವ ಸಾಧನ.

ಕಪ್ಲರ್ ಹಾಕುವ ಮುಂಚೆ ಪ್ಯಾನೆಲ್‌ಗಳ ಸಂಬಂಧ ತಿಳಿಯಬೇಕು. ಎರಡನೆಯದು ಮೊದಲನೆಯದರ ಬ್ರೇಕರ್‌ನಿಂದಲೇ ಹೊರಟಿದ್ದರೆ ಅದು ಸಬ್‌ಪ್ಯಾನೆಲ್. ಆಗ ಮೇನ್ ಪ್ಯಾನೆಲ್‌ನಲ್ಲಿ ಒಂದು ಕಪ್ಲರ್ ಸಾಮಾನ್ಯವಾಗಿ ಸಾಕು. ದೊಡ್ಡ ಮನೆಗಳಲ್ಲಿ ಎರಡು ಪ್ಯಾನೆಲ್‌ಗೂ ಮೀಟರ್ ಕಡೆಯಿಂದಲೇ ಬೇರೆ ಬೇರೆ ತಂತಿ ಬಂದಿರುತ್ತದೆ. ಆಗ ಕಂಟ್ರೋಲರ್ (ಸಂಕೇತ ಕಳಿಸುವ ಸಾಧನ) ಇರುವ ಪ್ಯಾನೆಲ್‌ನಲ್ಲಿ ಮೊದಲು ಒಂದು ಹಾಕಿಸಿ, ಎರಡೂ ಕಡೆಯ ದೀಪ ಪರೀಕ್ಷಿಸಿ.

ಸಾಲದಿದ್ದರೆ ಸಂಕೇತಕ್ಕೆ ಬಲ ತುಂಬುವ ರಿಪೀಟರ್ ಬೇಕು. ಆದರೆ ಪ್ಯಾನೆಲ್‌ಗೊಂದು ಅಂತ ಎರಡು ಸಾಮಾನ್ಯ ರಿಪೀಟರ್ ಹಾಕಿಸಬೇಡಿ. ಒಂದು ಹೇಳಿದ್ದನ್ನೇ ಇನ್ನೊಂದು ಮತ್ತೆ ಕೂಗಿ ಗಲಾಟೆ ಎಬ್ಬಿಸುತ್ತದೆ. ಎಷ್ಟೋ ಜನ ದುಡ್ಡು ಕಳೆಯುವುದು ಇಲ್ಲೇ.

ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ಬಿಡಿ. ಮೇನ್ ಬ್ರೇಕರ್ ಆಫ್ ಮಾಡಿದರೂ ಮೀಟರ್ ಕಡೆಯಿಂದ ಬಂದ ತಂತಿಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಡ್ರೈಯರ್ ಹಾಕಿದರೂ ದೀಪ ಹತ್ತಲಿಲ್ಲವಾ? ಹಾಗಿದ್ದರೆ ಸಂಕೇತವನ್ನು ಯಾವುದೋ ಉಪಕರಣ ನುಂಗುತ್ತಿರಬಹುದು. ಕಂಪ್ಯೂಟರ್, ಯುಪಿಎಸ್, ಟಿವಿ, ಚಾರ್ಜರ್, ಒಂದೊಂದನ್ನೇ ಪ್ಲಗ್‌ನಿಂದ ಕಿತ್ತು ನೋಡುತ್ತಾ ಹೋಗಿ. ಬೇಜಾರಿನ ಕೆಲಸ, ಬೇರೆ ದಾರಿಯಿಲ್ಲ. ಕಳ್ಳ ಸಿಕ್ಕ ಮೇಲೆ ಅದನ್ನು ಪ್ಲಗ್-ಇನ್ ಫಿಲ್ಟರ್ ಮೂಲಕ ಜೋಡಿಸಿ.

ಇನ್ನೊಂದು ಮಾತು. ಒಂದೇ ಟ್ರಾನ್ಸ್‌ಫಾರ್ಮರ್‌ನಲ್ಲಿ ಅಕ್ಕಪಕ್ಕದ ಮನೆಗಳೂ ಇರುತ್ತವೆ. ಸಂಕೇತ ಯಾವ ಮನೆಯದು ಅಂತ ಗುರುತಿಸುವ ಹೌಸ್ ಕೋಡ್‌ಗೆ ಎ ಇಂದ ಪಿ ವರೆಗೆ 16 ಅಕ್ಷರಗಳಿವೆ, ಬಹಳ ಜನ ಎ ಅನ್ನೇ ಬದಲಿಸದೆ ಬಿಟ್ಟಿರುತ್ತಾರೆ. ನೀವು ಬೇರೆ ಅಕ್ಷರಕ್ಕೆ ಹೋಗಿ. ಇಲ್ಲದಿದ್ದರೆ ನಡುರಾತ್ರಿ ನಿಮ್ಮ ಮಲಗುವ ಕೋಣೆಯ ದೀಪ ಹತ್ತಿಸುವುದು ಪಕ್ಕದ ಮನೆಯವರ ರಿಮೋಟ್ ಆಗಿರಬಹುದು.